ಗೋಡೆಗೆ ಸವಕಳಿ, ನೆಲಕ್ಕೆ ಕಂದಾಯ

ಹುಣಸಮಾರನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಚಿಕ್ಕಜಾಲದ ಕಲ್ಲುಕೋಟೆ ಸಿಗುತ್ತದೆ, ಒಳಗೊಂದು ಕಲ್ಯಾಣಿ. ಇನ್ನೂ ಮುಂದೆ ದೇವನಹಳ್ಳಿ ಕೋಟೆ. ಈ ಕೋಟೆಯನ್ನು ಕೇಂದ್ರದ ಪುರಾತತ್ವ ಇಲಾಖೆ ಕಾಯುತ್ತದೆ. ಬೆಟ್ಟಹಲಸೂರು, ದೊಡ್ಡಜಾಲದ ಹಳೇ ನಿಲ್ದಾಣಗಳು ರೈಲ್ವೆಯವು. ಸಂವಿಧಾನದ 285ನೇ ವಿಧಿ ಕೇಂದ್ರದ ಆಸ್ತಿಯನ್ನು ಸ್ಥಳೀಯ ತೆರಿಗೆಯಿಂದ ದೂರವಿಟ್ಟಿದೆ. ಮನೆ ಕಂದಾಯದ ಚಿಂತೆ ಇರುವುದು ತಾತ ಕಟ್ಟಿಸಿದ ತೊಟ್ಟಿಮನೆಯನ್ನು ಇನ್ನೂ ಉಳಿಸಿಕೊಂಡವರಿಗೆ.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ರಸ್ತೆಯ ಇಕ್ಕೆಲಗಳ ನೆಲದ ಬೆಲೆ ಏರುತ್ತಲೇ ಹೋಯಿತು. ಪಂಚಾಯಿತಿಯಾಗಿದ್ದ ಹುಣಸಮಾರನಹಳ್ಳಿ ಈಗ ಪುರಸಭೆ. ಪುರಸಭೆಗಳಲ್ಲಿ ಕಂದಾಯ ಲೆಕ್ಕ ಹಾಕುವುದು ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯ ಆಧಾರದ ಮೇಲೆ. ಹಳೇ ಕಟ್ಟಡಕ್ಕೆ ವಯಸ್ಸಿಗೆ ತಕ್ಕ ಸವಕಳಿ ಕಳೆಯುತ್ತಾರೆ, ನಿಜ. ಆದರೆ ನೆಲಕ್ಕೆ ಸವಕಳಿಯೆಂಬುದಿಲ್ಲ. ನಡುವೆ ಬಯಲು ತೊಟ್ಟಿ, ಸುತ್ತ ಒಂದೇ ಅಂತಸ್ತಿನ ಪಡಸಾಲೆ ಇರುವ ಮನೆ ಹರಡಿಕೊಂಡಿರುವುದೇ ನೆಲದ ಮೇಲೆ. ಅದೇ ಜಾಗದಲ್ಲಿ ನಾಲ್ಕಂತಸ್ತು ಎಬ್ಬಿಸಿದವರು ಬಾಡಿಗೆಯಿಂದ ಕಂದಾಯ ಕಟ್ಟುತ್ತಾರೆ. ತೊಟ್ಟಿಮನೆಯವರು ಕಟ್ಟುವುದು ಕೈಯಿಂದ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಸವಕಳಿ ನೋಡುವುದು ವಯಸ್ಸನ್ನು ಮಾತ್ರ. ಗಾರೆ ಅರೆಸಿ, ಮರದ ಕಂಬಕ್ಕೆ ಎಣ್ಣೆ ಹಚ್ಚಿ, ನಾಡಹೆಂಚು ಹುಡುಕಿ ತಂದು ಮಾಡು ಸರಿಪಡಿಸಿದ ಮನೆಗೂ ಸೋರಿ ಕುಸಿಯುತ್ತಿರುವ ಮನೆಗೂ ಒಂದೇ ಲೆಕ್ಕ. ಕಾಪಾಡಿದ್ದಕ್ಕೆ ಕಾಸಿನ ಬೆಂಬಲವಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1972ರಿಂದ ಮಿಲ್ಸ್ ಕಾಯ್ದೆ ಜಾರಿಯಲ್ಲಿದೆ. ಚಾರಿತ್ರಿಕ ಕಟ್ಟಡದ ಮಾಲೀಕರು ಸ್ಥಳೀಯ ಸಂಸ್ಥೆಯೊಂದಿಗೆ ಕನಿಷ್ಠ 10 ವರ್ಷದ ಕರಾರು ಮಾಡಿಕೊಂಡು, ಕಟ್ಟಡವನ್ನು ಅದರ ಮೂಲರೂಪ ಕೆಡದಂತೆ ನೋಡಿಕೊಳ್ಳುತ್ತಾರೆ. ಬದಲಿಗೆ ಆಸ್ತಿ ತೆರಿಗೆ ಇಳಿಯುತ್ತದೆ. ಅಧಿಕಾರಿಗಳು ಬಂದು ತಪಾಸಣೆ ಮಾಡುತ್ತಾರೆ, ಮನೆ ಮಾರಿದರೆ ಕರಾರು ಹೊಸ ಮಾಲೀಕರಿಗೂ ಅನ್ವಯ. ನಮ್ಮಲ್ಲೇ ಕೋಲ್ಕತ್ತ ಪಾಲಿಕೆಯ ಕಾಯ್ದೆ ಪಾರಂಪರಿಕ ಕಟ್ಟಡಗಳ ತೆರಿಗೆ ಬಿಡಲು ಅವಕಾಶ ಕೊಟ್ಟಿದೆ.

ವಿನಾಯಿತಿ ಎಲ್ಲೇ ಇರಲಿ, ಅದಕ್ಕೆ ಮೊದಲು ಕಟ್ಟಡ ಪಟ್ಟಿಯಲ್ಲಿರಬೇಕು. ಕೋಟೆ, ಅರಮನೆಗಳಿಗೆ ಪಟ್ಟಿಯಿದೆ. ರಾಗಿ ಬೆಳೆದವರ ಮನೆಗಳನ್ನು ಪಟ್ಟಿ ಮಾಡುವವರು ಬೇಕು. ಖಾತೆಗಾಗಿ ಪುರಸಭೆಯವರು ಹೇಗೂ ಮನೆ ಅಳೆಯುತ್ತಾರೆ, ಫೋಟೊ ತೆಗೆಯುತ್ತಾರೆ. ಗೋಡೆ ಮಣ್ಣಿನದೋ ಗಾರೆಯದೋ, ತೊಟ್ಟಿ ಇದೆಯೋ ಮುಚ್ಚಿದೆಯೋ, ಕಟ್ಟಿ ಎಷ್ಟು ವರ್ಷವಾಯಿತು ಎಂಬುದನ್ನೂ ಅದೇ ನಮೂನೆಯಲ್ಲಿ ಬರೆದುಕೊಳ್ಳಬಹುದು.