ಪಾರ್ಸಲಿನ ಪರಿಭಾಷೆ

ಹಿಂದೊಮ್ಮೆ ನಮ್ಮ ಮನೆಯವರಿಗಾಗಿ ಸ್ಪೀಡ್ ಪೋಸ್ಟಿನಲ್ಲಿ ಔಷಧವನ್ನು ತರಿಸಿದ್ದೆವು. ಮೊಬೈಲಿನಲ್ಲಿ ‘ರಿಸೀವ್ಡ್’ ಎಂದು ಕಂಡಿತು. ಪಾರ್ಸಲು ಮಾತ್ರ ಕೈಸೇರಲಿಲ್ಲ. ನೆರೆಮನೆಯ ಹುಡುಗನ ಮೇಲೆ ವೃಥಾ ಸಂಶಯಪಟ್ಟೆವು. ಮರುದಿನ ಅಂಚೆಯವರೇ ಅದನ್ನು ತಂದಿತ್ತಾಗ ನಾಚಿದೆವು.

ವಾಚಕರಿಗೆ ಇಂತಹ ಪ್ರಮಾದವುಂಟಾಗದಿರಲೆಂದು ಆ ಪದಗಳ ಅರ್ಥವನ್ನು ಇಲ್ಲಿ ವಿವರಿಸುವೆವು. 1986ರಲ್ಲಿ ಆರಂಭವಾದ ಈ ಸೇವೆಯಲ್ಲಿ ಪ್ರತಿ ಪಾರ್ಸಲಿಗೂ ಒಂದು ಗುರುತುಂಟು: ಎರಡು ಅಕ್ಷರ, 9 ಅಂಕಿ, ಕೊನೆಗೆ ಭಾರತವನ್ನು ಸೂಚಿಸುವ ‘ಐಎನ್’. ‘ಬುಕ್ಡ್’ ಎಂದರೆ ಅಂಚೆಮನೆಯು ಸ್ವೀಕರಿಸಿತು. ‘ಬ್ಯಾಗ್ಡ್’ ಎಂದರೆ ಚೀಲಕ್ಕೆ ಸೇರಿತು. ‘ಡಿಸ್‌ಪ್ಯಾಚ್ಡ್’ ಎಂದರೆ ಅಲ್ಲಿಂದ ಹೊರಟಿತು. ‘ರಿಸೀವ್ಡ್’ ಎಂದರೆ ದಾರಿಯ ಒಂದು ಅಂಚೆಕೇಂದ್ರವನ್ನು ಮುಟ್ಟಿತೆಂದೇ ಹೊರತು ಮನೆಯನ್ನಲ್ಲ. ‘ಔಟ್ ಫಾರ್ ಡೆಲಿವರಿ’ ಎಂದು ಕಂಡ ದಿನ ಮನೆಯಲ್ಲಿ ಒಬ್ಬರಾದರೂ ಇರತಕ್ಕದ್ದು.

ಈ ಪದಗಳು ಬಹುಮಟ್ಟಿಗೆ ಸಂಸ್ಕೃತದ ‘ಗತ’, ‘ಪ್ರಾಪ್ತ’ಗಳಂತೆ ಭೂತಕೃದಂತಗಳು, ಕಡೆಯದಾಗಿ ನಡೆದುದನ್ನು ಹೇಳುವುವೇ ಹೊರತು ಪಾರ್ಸಲು ಈಗೆಲ್ಲಿದೆಯೆಂಬುದನ್ನಲ್ಲ. ‘ಡೆಲಿವರ್ಡ್’ ಎಂದು ಕಂಡೂ ಕೈಸೇರದಿದ್ದರೆ ಮೊದಲು ಮನೆಯವರನ್ನು, ಬಳಿಕ ಅಂಚೆಮನೆಯನ್ನು ಅಂದೇ ವಿಚಾರಿಸಬೇಕು. ಅದಕ್ಕೆ ಮುನ್ನ ಯಾರನ್ನೂ ಶಂಕಿಸಲಾಗದು.