ಹಲ್ಲಿನ ಮೇಲಣ ಕೆಂಪು

ತಿಪಟೂರಿನಿಂದ ಓದುಗ ಮಹನೀಯರೊಬ್ಬರು ಬರೆದಿರುವ ಪತ್ರವು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲೆಯೇ ಇದೆ. ಅವರ ಎಂಟು ವರ್ಷದ ಮಗಳ ಶಾಲೆಯಲ್ಲಿ ದಂತಪರೀಕ್ಷೆಯ ಶಿಬಿರ ನಡೆದು, ವೈದ್ಯರು ಮಕ್ಕಳಿಗೆಲ್ಲ ಒಂದೊಂದು ಗುಳಿಗೆಯನ್ನು ಜಗಿಯಲು ಕೊಟ್ಟು, ಬಾಯಿ ಮುಕ್ಕಳಿಸಿದ ಮೇಲೂ ಹಲ್ಲುಗಳ ಬುಡದಲ್ಲಿ ಕಡುಗೆಂಪು ಕಲೆ ಉಳಿದುದನ್ನು ಕನ್ನಡಿಯಲ್ಲಿ ತೋರಿಸಿ ಕಳುಹಿಸಿದರಂತೆ. ಮನೆಗೆ ಬಂದ ಮೊಮ್ಮಗಳ ಬಾಯನ್ನು ಕಂಡ ಅಜ್ಜಿಯವರು, “ಅಯ್ಯೋ, ಹಲ್ಲಿನ ಹುಳ ಕೆರಳಿ ರಕ್ತ ಬಂದಿದೆ” ಎಂದು ಕೂಗಿಕೊಂಡರಂತೆ. ಆ ಕೆಂಪು ಯಾವುದು, ಅದು ಹಲ್ಲಿನ ಕೆಲವೆಡೆ ಮಾತ್ರವೇ ಏಕೆ ನಿಂತಿತು, ಹುಳುವಿನ ಮಾತು ನಿಜವೇ ಎಂಬುದು ಅವರ ಪ್ರಶ್ನೆ.

ಹುಳುವಿನ ಲೆಕ್ಕವನ್ನು ಮೊದಲು ತೀರಿಸಿಬಿಡುತ್ತೇನೆ. ಅದರ ಮೇಲೆ ನನಗೆ ಹಳೆಯ ಕೋಪವಿದೆ. ನಾನು ಬಾಲಕನಾಗಿದ್ದಾಗ ನಮ್ಮೂರ ಜಾತ್ರೆಗೆ ಬರುತ್ತಿದ್ದ ಒಬ್ಬಾತನು ಕೆಂಡದ ಮೇಲೆ ನೆಲಗುಳ್ಳದ ಬೀಜಗಳನ್ನು ಉದುರಿಸಿ, ಹೊಗೆಯನ್ನು ರೋಗಿಯ ಬಾಯಿಗೆ ಹಿಡಿಸಿ, ನೀರಿನ ತಟ್ಟೆಯಲ್ಲಿ ತೇಲುವ ಬಿಳಿಯ ಎಳೆಗಳನ್ನು ತೋರಿಸಿ ನಾಲ್ಕಾಣೆ ಪಡೆಯುತ್ತಿದ್ದನು. ಬದನೆಯ ಕುಲಕ್ಕೆ ಸೇರಿದ ಇಂಥ ಬೀಜಗಳ ಒಳಗೆ ಭ್ರೂಣವು ಸುರುಳಿ ಸುತ್ತಿಕೊಂಡಿರುತ್ತದೆ. ಕಾವಿಗೆ ಸಿಪ್ಪೆ ಸಿಡಿದು ಆ ಭ್ರೂಣ ಹೊರಬಿದ್ದರೆ, ನೋವಿನಿಂದ ಕಂಗೆಟ್ಟವನ ಕಣ್ಣಿಗೆ ಅದು ಹುಳುವಲ್ಲದೆ ಮತ್ತೇನಾಗಿ ಕಂಡೀತು? ಇದು ನಮ್ಮ ನಾಡಿನ ಮೌಢ್ಯವೆಂದು ಯಾರೂ ನಾಚಬೇಕಾದ್ದಿಲ್ಲ. ಬಾಬಿಲೋನಿನ ಮಂತ್ರಗಳಲ್ಲಿಯೂ ಹಲ್ಲಿನ ಹುಳುವಿದೆ. ಇಂಗ್ಲೆಂಡಿನ ಜಾನ್ ಜೆರಾರ್ಡನು 1597ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ, ಖುರಾಸಾನಿ ಓಮದ ಬೀಜವನ್ನು ಸುಟ್ಟು ಹೊಗೆ ಹಾಕುವ ಊರೂರು ತಿರುಗುವ ವಂಚಕರು ತಂತಿವಾದ್ಯದ ತಂತಿಯನ್ನು ಸಣ್ಣಗೆ ಕತ್ತರಿಸಿ ನೀರಿಗೆ ಹಾಕಿ ಹುಳುವೆಂದು ನಂಬಿಸುತ್ತಾರೆಂದು ಬಯ್ದಿದ್ದಾನೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರನು ಸೂಕ್ಷ್ಮದರ್ಶಕವಿಟ್ಟು ಹುಡುಕಿದರೂ ಹುಳು ಸಿಕ್ಕಲಿಲ್ಲವೆಂದು ಬರೆದನು. ಮುನ್ನೂರು ವರ್ಷಗಳಾಗುತ್ತ ಬಂದರೂ ನಮ್ಮ ಮನೆಗಳಲ್ಲಿ ಆ ಹುಳು ಹರಿದಾಡುತ್ತಲೇ ಇದೆ!

ಹಲ್ಲನ್ನು ಹುಳುಕಾಗಿಸುವುದು ಕಣ್ಣಿಗೆ ಕಾಣದ ಜೀವಾಣುಗಳು. ಅವು ಜೊಲ್ಲಿನಲ್ಲಿ ಸುಮ್ಮನೆ ತೇಲುತ್ತಿರದೆ, ತಾವೇ ಸ್ರವಿಸಿದ ಅಂಟಿನಲ್ಲಿ ಪದರಪದರವಾಗಿ ನೆಲಸಿ ಪಾಚಿಯಂತೆ ಹಲ್ಲನ್ನು ಹೊದೆಯುತ್ತವೆ. ಸಕ್ಕರೆ ಸಿಕ್ಕಿದೊಡನೆ ಆಮ್ಲವನ್ನು ಬಿಡುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಕವಚ ಕರಗತೊಡಗುತ್ತದೆ. ಹಾಲುಹಲ್ಲಿನ ಕವಚ ತೆಳುವಾದುದರಿಂದ ಮಕ್ಕಳಲ್ಲಿ ಈ ಅನಾಹುತವು ಬೇಗ ಒಳಗಿಳಿಯುತ್ತದೆ. ಆದರೆ ಪಾಚಿಯ ಬಣ್ಣವೂ ಹಲ್ಲಿನ ಬಣ್ಣವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕಾಣದ ಶತ್ರುವನ್ನು ಉಜ್ಜೆಂದು ಮಗುವಿಗೆ ಹೇಳುವುದು ಹೇಗೆ? ಗುಳಿಗೆಯ ಕೆಲಸವಿರುವುದು ಇಲ್ಲಿಯೇ. ಅದರಲ್ಲಿರುವ ಎರಿಥ್ರೋಸಿನ್ ಎಂಬ ವರ್ಣದ್ರವ್ಯವು ಶುಚಿಯಾದ ಕವಚದ ಮೇಲಿಂದ ತೊಳೆದುಹೋಗಿ, ಪಾಚಿಯಲ್ಲಿ ಮಾತ್ರ ಸಿಕ್ಕಿಕೊಂಡು ನಿಲ್ಲುತ್ತದೆ. ಅಜ್ಜಿಯವರು ಕಂಡದ್ದು ರಕ್ತವಲ್ಲ, ಹಲ್ಲುಜ್ಜುವಾಗ ಬಿಟ್ಟುಹೋದ ಜಾಗಗಳ ನಕ್ಷೆ.

ಇಷ್ಟಕ್ಕೆ ಉತ್ತರ ಮುಗಿಯಿತು. ಆದರೆ ಈ ಬಣ್ಣದ ಕುಲವೃತ್ತಾಂತವನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಾಯರನು ಫ್ಲೂರೊಸೀನ್ ಎಂಬ ದ್ರವ್ಯವನ್ನು ತಯಾರಿಸಿದನು. ನೇತ್ರವೈದ್ಯರು ಕಣ್ಣಿನ ಗಾಯವನ್ನು ಕಾಣಲು ಇಂದಿಗೂ ಬಳಸುವ ಹಳದಿ ಬಣ್ಣ ಅದೇ. ಅದರ ಅಣುವಿಗೆ ಅಯೋಡಿನ್ನಿನ ನಾಲ್ಕು ಪರಮಾಣುಗಳನ್ನು ತೊಡಿಸಿದರೆ ನಮ್ಮ ಎರಿಥ್ರೋಸಿನ್ ಆಗುತ್ತದೆ. ಹೀಗೆ ಒಡಹುಟ್ಟಿದವುಗಳೆನ್ನಬಹುದಾದ ಈ ಎರಡನ್ನೂ ಎರಡು ಗಾಜಿನ ಲೋಟಗಳಲ್ಲಿ ಚಿಟಿಕೆ ಚಿಟಿಕೆ ಕರಗಿಸಿ, ನೋಟು ಪರೀಕ್ಷಿಸುವ ನೇರಳಾತೀತ ದೀಪದ ಮುಂದೆ ನಾನೊಮ್ಮೆ ಹಿಡಿದು ನೋಡಿದೆನು: ಮೊದಲನೆಯದು ಹಸಿರು ಕಿಚ್ಚಿನಂತೆ ಧಗ್ಗನೆ ಬೆಳಗಿತು, ಎರಡನೆಯದು ಮಂಕಾಗಿ ಕುಳಿತಿತು. ಹೀರಿದ ಬೆಳಕಿನ ನೂರು ಕಣಗಳಿಗೆ ಫ್ಲೂರೊಸೀನ್ ತೊಂಬತ್ತಕ್ಕೂ ಹೆಚ್ಚನ್ನು ಹಿಂದಿರುಗಿಸಿದರೆ, ಎರಿಥ್ರೋಸಿನ್ ಹಿಂದಿರುಗಿಸುವುದು ಎರಡನ್ನೋ ಏನೋ. ಉಳಿದುದೆಲ್ಲಿ ಹೋಯಿತು? ತೂಕದಲ್ಲಿ ಅರ್ಧಕ್ಕೂ ಮಿಗಿಲಾಗಿರುವ ಆ ಭಾರವಾದ ಅಯೋಡಿನ್, ಉದ್ರಿಕ್ತವಾದ ಅಣುವನ್ನು ಅಡ್ಡದಾರಿಗೆ ತಿರುಗಿಸಿ, ಸುಲಭವಾಗಿ ಹಿಂದಿರುಗಲಾರದ ಬೇರೊಂದು ಸ್ಥಿತಿಗೆ ತಳ್ಳುತ್ತದೆ. ಅಲ್ಲಿ ಅಣುವು ತನ್ನ ಅಣ್ಣನಿಗಿಂತ ಸಾವಿರಾರು ಪಾಲು ದೀರ್ಘವಾಗಿ ಕಾದು ಕುಳಿತಿರುತ್ತದೆ, ಮತ್ತು ಆ ಅವಧಿಯಲ್ಲಿ ಆಮ್ಲಜನಕವು ಹತ್ತಿರ ಸುಳಿದರೆ ತನ್ನ ಶಕ್ತಿಯನ್ನೆಲ್ಲ ಅದಕ್ಕೆ ದಾಟಿಸಿಬಿಡುತ್ತದೆ.

ಹೀಗೆ ಚುರುಕುಗೊಂಡ ಆಮ್ಲಜನಕವು ಜೀವಕೋಶಗಳಿಗೆ ವಿಷಪ್ರಾಯ. ಮ್ಯೂನಿಕ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಯು ಬೇರೊಂದು ವರ್ಣದ್ರವ್ಯವನ್ನು ನೀರಿನ ಸೂಕ್ಷ್ಮಜೀವಿಗಳ ಮೇಲೆ ಪ್ರಯೋಗಿಸುತ್ತಿದ್ದಾಗ, ಬೆಳಕಿದ್ದರೆ ಅವು ಸಾಯುವುದನ್ನೂ ಬೆಳಕು ಕುಂದಿದರೆ ಬದುಕಿಕೊಳ್ಳುವುದನ್ನೂ ಕಂಡು 1900ರಲ್ಲಿ ಪ್ರಕಟಿಸಿದನು. ಆ ಮಾರ್ಗವನ್ನೇ ಹಿಡಿದು 2006ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು, ಪಾಚಿಯನ್ನು ತೋರಿಸುವ ಎರಿಥ್ರೋಸಿನ್ನನ್ನೇ ಪಾಚಿಯ ಜೀವಾಣುಗಳ ಮೇಲೆ ಬೆಳಕಿನೊಡನೆ ಪ್ರಯೋಗಿಸಿ, ಅದು ಮೆಥಿಲೀನ್ ನೀಲಿಯೆಂಬ ಹೆಸರಾಂತ ವರ್ಣದ್ರವ್ಯಕ್ಕಿಂತಲೂ ಸಮರ್ಥವಾಗಿ ಕೊಲ್ಲುವುದನ್ನು ಕಂಡರು. ಇದು ಪ್ರಯೋಗಶಾಲೆಯ ಮಾತು. ಗುಳಿಗೆ ಜಗಿದು ಬಿಸಿಲಿಗೆ ಬಾಯಿ ತೆರೆದು ನಿಂತರೆ ಸಾಕೆಂದು ಯಾರೂ ತಿಳಿಯಬಾರದು.

ಬಣ್ಣದ ಅಣುವಿನ ನಡತೆಯು ಅದು ಕುಳಿತ ಮನೆಯನ್ನು ಅವಲಂಬಿಸಿದೆಯೆಂಬುದೇ ಇದರಲ್ಲೆಲ್ಲ ನನಗೆ ಹೆಚ್ಚು ಸೋಜಿಗದ ಸಂಗತಿ. ಅಂಥ ಮನೆಗೆ ಒಂದು ಉದಾಹರಣೆ ಜೇಡಿಮಣ್ಣು. ಅದರ ಒಂದು ಜಾತಿಯು ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳನ್ನು ಒಂದರ ಮೇಲೊಂದು ಅಡಕಿದಂತಿರುತ್ತದೆ, ಪತ್ರೊಡೆಯ ಎಲೆಗಳಂತೆ. ಅದರ ಒಂದು ಗ್ರಾಮಿನ ಹಾಳೆಗಳನ್ನೆಲ್ಲ ಬಿಡಿಸಿದರೆ ಏಳುನೂರು ಚದರ ಮೀಟರಿಗೂ ಹೆಚ್ಚು ಹರಹು. ಈ ಹಾಳೆಗಳಲ್ಲಿ ಋಣವಿದ್ಯುದಂಶವಿರುವುದರಿಂದ ಧನಾತ್ಮಕವಾದ ಮೆಥಿಲೀನ್ ನೀಲಿಯು ನಡುವೆ ನುಗ್ಗಿ, ಸಂದಣಿ ಹೆಚ್ಚಿದಂತೆ ನೀಲಿಯನ್ನು ಬಿಟ್ಟು ನೇರಳೆಗೆ ತಿರುಗುತ್ತದೆ. ಋಣಾತ್ಮಕವಾದ ಎರಿಥ್ರೋಸಿನ್ನಿಗೆ ಆ ಮನೆಯಲ್ಲಿ ಪ್ರವೇಶವಿಲ್ಲ. ಅದಕ್ಕೆ ಬೇಕಾದುದು ಹೈಡ್ರೋಟಾಲ್ಸೈಟ್. 1842ರಲ್ಲಿ ವರ್ಣಿತವಾದ, ಹೊಟ್ಟೆಯುರಿಯ ಗುಳಿಗೆಗಳಲ್ಲಿಯೂ ಬಳಕೆಯಾಗುವ, ಧನಾತ್ಮಕ ಹಾಳೆಗಳ ಖನಿಜ. ಇಂಥ ಹಾಳೆಗಳ ನಡುವೆ ಈ ಕುಲದ ವರ್ಣಗಳನ್ನು ಒತ್ತೊತ್ತಾಗಿ ತುಂಬಿದರೆ ಅವು ಶಕ್ತಿಯನ್ನು ಪರಸ್ಪರ ದಾಟಿಸುತ್ತ ಬೆಳಕನ್ನೆಲ್ಲ ಕಳೆದುಕೊಳ್ಳುತ್ತವೆ. ಸಾಬೂನಿನಂಥ ಉದ್ದಬಾಲದ ಅಣುಗಳನ್ನು ನಡುನಡುವೆ ಸೇರಿಸಿ ಬಿಡಿಬಿಡಿಯಾಗಿ ಕೂರಿಸಿದರೆ ಮತ್ತೆ ಬೆಳಗುತ್ತವೆ. ಜನಸಂದಣಿಯಲ್ಲಿ ಮಾತಿಲ್ಲದೆ ಕುಳಿತು, ಒಬ್ಬಿಬ್ಬರ ಸಂಗಡ ಬಾಯ್ತುಂಬ ಮಾತಾಡುವ ನನ್ನ ಸ್ನೇಹಿತರೊಬ್ಬರ ನೆನಪು ನನಗೆ ಬರುತ್ತದೆ. ಇದೇ ಧನಾತ್ಮಕ ಹಾಳೆಗಳ ನಡುವೆ ಫ್ಲೂರೈಡನ್ನು ಕೂಡಿಟ್ಟು, ಹಲ್ಲು ತುಂಬುವ ದ್ರವ್ಯದಲ್ಲಿ ಬೆರೆಸಿ, ಅಲ್ಲಿಂದ ಮೆಲ್ಲಮೆಲ್ಲನೆ ಹಲ್ಲಿಗೆ ಒದಗಿಸುವ ಯತ್ನಗಳೂ ನಡೆದಿವೆ.

ಬಣ್ಣದಿಂದ ಮಗುವಿಗೆ ಅಪಾಯವೇ ಎಂದು ಓದುಗರು ಕೊನೆಯಲ್ಲಿ ಕೇಳಿದ್ದಾರೆ. ಇಲಿಗಳ ಮೇಲಣ ಹಳೆಯ ಪ್ರಯೋಗಗಳನ್ನು ಆಧರಿಸಿ ಅಮೆರಿಕದವರು 2025ರ ಜನವರಿಯಲ್ಲಿ ಆಹಾರದಲ್ಲಿ ಇದರ ಅನುಮತಿಯನ್ನು ಹಿಂತೆಗೆದುಕೊಂಡರೆಂಬುದು ನಿಜ. ಆದರೆ ವರ್ಷಕ್ಕೊಮ್ಮೆ ಜಗಿದು ಉಗುಳುವ ಗುಳಿಗೆಗಿಂತ, ಕವಳೆಕಾಯಿಗೆ ಕೆಂಪು ಬಳಿದು ಚೆರ್ರಿಯೆಂದು ಕೇಕಿನ ಮೇಲೆ ಕೂರಿಸಿ ಕೊಡುವ ಮಿಠಾಯಿಯ ಬಗೆಗೆ ಓದುಗರು ಚಿಂತಿಸುವುದು ಲೇಸು. ಅಲ್ಲಿ ಬಣ್ಣದೊಡನೆ ಸಕ್ಕರೆಯೂ ಇದೆ.

ಉತ್ತರ ಬರೆಯುವ ಮುನ್ನ ನಾನೂ ಒಂದು ಗುಳಿಗೆಯನ್ನು ತರಿಸಿ ಜಗಿದೆನು. ಅರುವತ್ತು ವರ್ಷಗಳಿಂದ ತಪ್ಪದೆ ಹಲ್ಲುಜ್ಜಿದವನೆಂಬ ಜಂಬದಿಂದ ಕನ್ನಡಿಯ ಮುಂದೆ ನಿಂತರೆ, ಕೆಳಸಾಲಿನ ಮುಂಬಲ್ಲುಗಳ ಹಿಂಬದಿಯೂ ಬಲದವಡೆಯ ಒಳಮಗ್ಗುಲೂ ಕುಂಕುಮ ಮೆತ್ತಿದಂತಿದ್ದವು. ಆರು ವರ್ಷದ ಮೊಮ್ಮಗನು ಟಾರ್ಚು ಹಿಡಿದು ಬಗ್ಗಿ ನೋಡಿ, “ತಾತ, ಇಲ್ಲಿ ಒಂದು, ಅಲ್ಲಿ ಎರಡು” ಎಂದು ಹದಿನಾಲ್ಕರ ತನಕ ಎಣಿಸಿದನು.