ಹೊಸಕೋಟೆಯಿಂದ ಹಿಮಾಲಯಕ್ಕೆ ಒಂದು ದಿನದ ದಾರಿ

ಹೊಸಕೋಟೆ ಊರಾಚೆ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಕೇಂದ್ರವಿದೆ. ಹೊರಗಿನಿಂದ ನೋಡಿದವರಿಗೆ ಅದು ಇನ್ನೊಂದು ಸರ್ಕಾರಿ ಕಟ್ಟಡ. ಒಳಗೆ ನಡೆಯುವುದು ಬೇರೆಯೇ ಕೆಲಸ. ಲಡಾಖ್‌ನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ರಾತ್ರಿ ಹೊತ್ತು ಅದನ್ನು ತಿರುಗಿಸಿ ಆಕಾಶ ನೋಡುವವರು ಕುಳಿತಿರುವುದು ಹೊಸಕೋಟೆಯಲ್ಲಿ. ನಡುವಿನ ಸಂಪರ್ಕ ಉಪಗ್ರಹದ್ದು. ಮುಂಗಾರು ಮೋಡಗಳನ್ನು ಹಿಮಾಲಯ ತಡೆದು ನಿಲ್ಲಿಸುವುದರಿಂದ ಹಾನ್ಲೆಯ ಗಾಳಿಯಲ್ಲಿ ತೇವವೇ ಕಡಿಮೆ. ನಕ್ಷತ್ರಗಳ ಅವಕೆಂಪು ಬೆಳಕು ನೀರಾವಿಗೆ ಸಿಕ್ಕಿ ಕರಗದೆ ಕನ್ನಡಿ ಮುಟ್ಟುತ್ತದೆ.

ದೂರದರ್ಶಕ ನೋಡುವುದು ನಕ್ಷತ್ರವನ್ನು, ಹಿಮನದಿಯನ್ನಲ್ಲ. ಹಿಮನದಿಯನ್ನು ನೋಡಬೇಕೆಂದರೆ ಹೊಸಕೋಟೆಯಿಂದಲೋ ದೇವನಹಳ್ಳಿಯಿಂದಲೋ ಬಸ್ ಹತ್ತಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಇಳಿಯಬೇಕು. ಪ್ರತಿ ಜನವರಿಯಲ್ಲಿ ಚಿತ್ರಸಂತೆಗೆ ಬಂದು ಹೋಗುವ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯವರು ಈ ರಸ್ತೆಯನ್ನು ಬಲ್ಲರು. ಆದರೆ ರಸ್ತೆಯ ಮೇಲಿನ ಚಿತ್ರಗಳನ್ನೇ ನೋಡಿ ಸುಸ್ತಾಗಿ, ಚಿತ್ರಕಲಾ ಪರಿಷತ್ತಿನ ಒಳಗೆ ಹಿಮಾಲಯದ ಚಿತ್ರಗಳಿರುವ ರೋರಿಕ್ ಗ್ಯಾಲರಿಗಳಿಗೆ ಕಾಲಿಡದೆ ಮರಳುವವರೇ ಹೆಚ್ಚು. ಸಂತೆಯ ಗದ್ದಲವಿಲ್ಲದ ಒಂದು ದಿನ ಇದಕ್ಕೆಂದೇ ಬರುವುದು ಒಳ್ಳೆಯದು.

ನಿಕೋಲಸ್ ರೋರಿಕ್ 1874ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. 1925ರಲ್ಲಿ ಹೆಂಡತಿ ಹೆಲೆನಾ, ಹಿರಿಯ ಮಗ ಜಾರ್ಜ್ ಜೊತೆಗೆ ಲೇಹ್‌ನಿಂದ ಹೊರಟು, ಖಾರ್ದುಂಗ್, ಸಾಸೆರ್, ಕಾರಾಕೋರಂ ಕಣಿವೆಮಾರ್ಗಗಳನ್ನು ದಾಟಿ ಮಧ್ಯ ಏಷ್ಯಾ ಸುತ್ತಿದರು. 1928ರಲ್ಲಿ ಹಿಂತಿರುಗಿ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆ ನಿಂತರು. 1947ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕಿರಿಯ ಮಗ ಸ್ವೆಟೊಸ್ಲಾವ್, ಸೊಸೆ ನಟಿ ದೇವಿಕಾರಾಣಿ. ಈ ದಂಪತಿ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದ್ದರು. ತಂದೆಯ ಹಿಮಾಲಯದ ಚಿತ್ರಗಳನ್ನೂ ತಮ್ಮ ಚಿತ್ರಗಳನ್ನೂ ಸ್ವೆಟೊಸ್ಲಾವ್ ಪರಿಷತ್ತಿಗೆ ಕೊಟ್ಟದ್ದರಿಂದ ಹಿಮದ ಬೆಟ್ಟಗಳು ಬೆಂಗಳೂರಿಗೆ ಬಂದವು.

ನಿಕೋಲಸ್ ಅವರ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅವರು ಬಳಸುತ್ತಿದ್ದದ್ದು ಟೆಂಪೆರಾ ಬಣ್ಣ. ತೈಲವರ್ಣಕ್ಕಿರುವ ಹೊಳಪು ಅದಕ್ಕಿಲ್ಲ. ಒಣಗಿದ ಮೇಲೆ ಸುಣ್ಣದ ಗೋಡೆಯಂತೆ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ. ಹಾಗಾಗಿ ಅವರ ಹಿಮ ಮಿರುಗುವುದಿಲ್ಲ, ತನ್ನೊಳಗಿನಿಂದಲೇ ಬೆಳಗಿದಂತೆ ಕಾಣುತ್ತದೆ. ಕೆಳಗೆ ಕಪ್ಪಿಗೆ ಹತ್ತಿರದ ನೀಲಿ, ನಡುವೆ ಮಂಜಿನ ಬಿಳಿ ಪಟ್ಟಿ, ಮೇಲೆ ಶಿಖರ. ಅದು ಕೆಲವೊಮ್ಮೆ ಗುಲಾಬಿ, ಕೆಲವೊಮ್ಮೆ ಹಳದಿ. ನೀಲಿಯೊಂದರಲ್ಲೇ ಎಷ್ಟು ಬಗೆ ಇದೆ ಎಂಬುದನ್ನು ದೊಡ್ಡಬಳ್ಳಾಪುರದ ನೇಕಾರರು ನಮಗಿಂತ ಬೇಗ ಗುರುತಿಸಿಯಾರು. ರೋರಿಕ್ ಬೆಟ್ಟವನ್ನು ಕಂಡಂತೆಯೇ ಬರೆದವರಲ್ಲ. ಬೇಡದ್ದನ್ನೆಲ್ಲ ಬಿಟ್ಟು ಅಂಚನ್ನೂ ಇಳಿಜಾರನ್ನೂ ಮಾತ್ರ ಉಳಿಸಿಕೊಂಡವರು. ಹಿಮ ಎಷ್ಟು ಕೆಳಗಿನವರೆಗೆ ಇತ್ತು ಎಂದು ಈ ಚಿತ್ರಗಳಲ್ಲಿ ಅಳೆಯಲು ಹೋಗಬಾರದು.

ಅಳೆಯುವ ಕೆಲಸ ನಡೆಯುವ ಜಾಗಕ್ಕೆ ಇಲ್ಲಿಂದ ಮಲ್ಲೇಶ್ವರ ಹಾದು ನಡೆದೇ ಹೋಗಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಶುರುವಾದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರವಿದೆ. ಹಿಮಾಲಯದ ಹಿಮನದಿಗಳ ಬಗ್ಗೆ ದೇಶದ ಗಂಭೀರ ಕೆಲಸದಲ್ಲಿ ಒಂದು ದೊಡ್ಡ ಪಾಲು ಇಲ್ಲಿಯದು. ಈ ಕೇಂದ್ರಕ್ಕೆ ಬರುವ ಮೊದಲು ಇಸ್ರೊದ ಅಹಮದಾಬಾದ್ ಕೇಂದ್ರದಲ್ಲಿದ್ದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಚೀನಾಬ್, ಪಾರ್ವತಿ, ಬಾಸ್ಪಾ ಕೊಳ್ಳಗಳ 466 ಹಿಮನದಿಗಳು 1962ರ ಹೊತ್ತಿಗೆ 2,077 ಚದರ ಕಿಲೋಮೀಟರ್ ಹರಡಿದ್ದವು. ನಂತರದ ಉಪಗ್ರಹ ಚಿತ್ರಗಳಲ್ಲಿ ಉಳಿದದ್ದು 1,628. ನಾಲ್ಕು ದಶಕದಲ್ಲಿ ನೂರಕ್ಕೆ 21ರಷ್ಟು ಹೋಯಿತು. ನಮ್ಮ ಇಡೀ ಗ್ರಾಮಾಂತರ ಜಿಲ್ಲೆಯ ಐದನೇ ಒಂದು ಪಾಲಿನಷ್ಟು ಮಂಜುಗಡ್ಡೆ ಅದು. ಪಾರ್ವತಿ ನದಿ ಹರಿಯುವುದು ಅದೇ ಕುಲ್ಲುವಿನಲ್ಲಿ. ರೋರಿಕ್ ಮನೆಯ ಕೆಳಗಿನ ಕಣಿವೆಯಲ್ಲಿ ಸಾಗುವ ಬಿಯಾಸ್ ನದಿಯನ್ನು ಅದು ಭುಂತರ್‌ನಲ್ಲಿ ಸೇರುತ್ತದೆ.

ಆ ಲೆಕ್ಕದಲ್ಲಿ ವಿಚಿತ್ರವೆನಿಸುವ ಇನ್ನೊಂದು ಸಂಗತಿಯಿದೆ. ಹಿಮದ ವಿಸ್ತೀರ್ಣ ಕುಗ್ಗಿದರೂ ಹಿಮನದಿಗಳ ಸಂಖ್ಯೆ ಹೆಚ್ಚಿದೆ. ದೊಡ್ಡ ಹಿಮನದಿ ಕರಗುತ್ತಾ ತುಂಡು ತುಂಡಾಗಿ, ಒಂದಿದ್ದದ್ದು ಎರಡು ಮೂರಾಗುತ್ತದೆ. ಸಣ್ಣ ತುಂಡು ಇನ್ನೂ ಬೇಗ ಕರಗುತ್ತದೆ. ಉಪಗ್ರಹ ಚಿತ್ರದಲ್ಲಿ ಹಿಮನದಿಯ ತುದಿಯನ್ನು ಹುಡುಕುವುದೂ ಸುಲಭವಲ್ಲ. ಬೆಟ್ಟದಿಂದ ಉರುಳಿದ ಕಲ್ಲುಮಣ್ಣು ಮಂಜುಗಡ್ಡೆಯನ್ನು ಮುಚ್ಚಿದರೆ ಅದು ಸುತ್ತಲಿನ ಬೆಟ್ಟದ ಬಣ್ಣದಲ್ಲೇ ಬೆರೆತುಹೋಗುತ್ತದೆ. ಮೋಡವೂ ಹಿಮವೂ ಕಣ್ಣಿಗೆ ಒಂದೇ ಬಿಳಿ. ಆದರೆ ಅವಕೆಂಪಿನ ಒಂದು ಪಟ್ಟಿಯಲ್ಲಿ ಮೋಡ ಬೆಳ್ಳಗೆ, ಹಿಮ ಕಪ್ಪಗೆ ಕಾಣುತ್ತದೆ. ವಿಜ್ಞಾನಿಗಳು ಅದನ್ನೇ ಹಿಡಿದು ಎರಡನ್ನೂ ಬೇರ್ಪಡಿಸುತ್ತಾರೆ. ಬಣ್ಣವನ್ನು ಪದರ ಪದರವಾಗಿ ನೋಡುವ ಅಭ್ಯಾಸ ರೋರಿಕ್ ಗ್ಯಾಲರಿಯಲ್ಲಿ ಆಗಿದ್ದರೆ ಮಕ್ಕಳಿಗೆ ಇದು ತಟ್ಟನೆ ಹತ್ತುತ್ತದೆ. ಆದ್ದರಿಂದ ಪರಿಷತ್ತು ಮೊದಲು, ವಿಜ್ಞಾನ ಸಂಸ್ಥೆ ಆಮೇಲೆ. ವರ್ಷಕ್ಕೊಮ್ಮೆ ಸಂಸ್ಥೆ ತನ್ನ ವಿಭಾಗಗಳನ್ನು ಜನರಿಗೆ ತೆರೆಯುವ ದಿನ ಹೋದರೆ ಸಂಶೋಧಕರನ್ನೇ ಕೇಳಿ ತಿಳಿಯಬಹುದು.

ದೊಡ್ಡಬಳ್ಳಾಪುರ, ನೆಲಮಂಗಲದ ಶಾಲೆಗಳ ಪ್ರವಾಸದ ಪಟ್ಟಿಗೆ ಈ ದಾರಿ ಸೇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಲ್ಲಿಯ ಮಕ್ಕಳು ನೋಡಿ ಬೆಳೆದ ನದಿ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟಕ್ಕೆ ಹೋಗುವ ಅದಕ್ಕೆ ಮಳೆಯೊಂದೇ ಆಸರೆ. ಬೇಸಿಗೆ ಬಂದರೆ ಬತ್ತುತ್ತದೆ. ಬೇಸಿಗೆ ಬಂದಾಗಲೇ ಹೆಚ್ಚು ಹರಿಯುವ ನದಿ ಇರುತ್ತದೆ, ಅದರ ನೀರು ಹಳೆಯ ಹಿಮದಿಂದ ಬರುತ್ತದೆ ಎಂಬುದನ್ನು ಪಾಠದಲ್ಲಿ ಓದಿದರೂ ಅವರಿಗೆ ಅಂದಾಜು ಸಿಗುವುದು ಕಷ್ಟ.

ಇಷ್ಟು ನೋಡಿ ಆಸಕ್ತಿ ಹುಟ್ಟಿದವರಿಗೆ ಇನ್ನೊಂದು ದಿನದ ಪ್ರಯಾಣವೂ ಇದೆ. ನೆಲಮಂಗಲದಿಂದ ತುಮಕೂರು ಹೆದ್ದಾರಿ ಹಿಡಿದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಹೋದರೆ ತಾಳ್ಯ ಸಿಗುತ್ತದೆ. ಅಲ್ಲಿನ ಕಲ್ಲಿನಲ್ಲಿ ನುಣುಪಾದ ತೆಳು ಪದರಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಗುಂಡುಕಲ್ಲು ಹುದುಗಿದೆ. ಕೆಸರು ಮೆಲ್ಲಗೆ ತಳಕ್ಕೆ ಕೂರುವ ನೀರಿಗೆ ಅಷ್ಟು ದೊಡ್ಡ ಕಲ್ಲನ್ನು ಹೊತ್ತು ತರುವ ಬಲವಿರುವುದಿಲ್ಲ. ತೇಲುವ ಮಂಜುಗಡ್ಡೆ ಹೊತ್ತು ತಂದು, ಕರಗುವಾಗ ಸಮುದ್ರದ ತಳಕ್ಕೆ ಬೀಳಿಸಿದ ಕಲ್ಲುಗಳಿವು ಎಂದು 2014ರಲ್ಲಿ ‘ಕರೆಂಟ್ ಸೈನ್ಸ್’ನಲ್ಲೇ ಭೂವಿಜ್ಞಾನಿಗಳ ತಂಡವೊಂದು ವಾದಿಸಿತು. ಅವರು ಹೇಳುವ ಕಾಲ ಸುಮಾರು 270 ಕೋಟಿ ವರ್ಷಗಳ ಹಿಂದಿನದು. ಹಿಮಾಲಯ ಆಗಿನ್ನೂ ಹುಟ್ಟಿರಲಿಲ್ಲ.